ಬಾವಿಯಜ್ಜಿ ಎರಡನೇ ಭಾಗಕ್ಕೆ ಹಾಲು ಒಡೆಯಲಿಲ್ಲ

ಹಂಚಿನಮನಿ ಸರ್ ತಮ್ಮ ಮುಂದಿದ್ದ ಹಾಲಿನ ಲೋಟ ಎತ್ತಿ, ಇಡೀ ಸಭಾಭವನಕ್ಕೆ ಕಾಣುವಂತೆ ಒಮ್ಮೆ ಅತ್ತಿತ್ತ ತೋರಿಸಿ, ಗಟಗಟ ಕುಡಿದು ಮೀಸೆ ಒರೆಸಿಕೊಂಡರು. ಆಮೇಲೆ ಮೈಕನ್ನು ಹತ್ತಿರ ಎಳೆದುಕೊಂಡರು.

"ಹಾಲು ಭಾಳ ಚಲೋ ಇತ್ರಿ. ಒಂದೀಟು ಸಕ್ಕರಿ ಹಾಕಿದ್ರ ಆಟಕ್ಕಿಂತ ರುಚಿ ಆಗತಿತ್ತು. ಏಳನೇತ್ತಾ ನಾಪಾಸಾದವರು ಕತಿ ಬರದ್ರ ಹಿಂಗ ನೋಡ್ರಿ. ತಮ್ಮಾ ಗಿರಿಮಲ್ಲ, ನೀ ಮೊಬೈಲಿಗೆ ಗಾಜು ಕೂಡಸೂ ಕೆಲಸ ಬಿಡಬ್ಯಾಡೋ. ಅದರಾಗರೆ ನಾಕು ಮಂದಿಗೆ ಉಪಯೋಗ ಐತಿ."

ಸಭಾಭವನ ನಕ್ಕಿತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕವನು ಮೂರನೇ ಸಾಲಿನಲ್ಲಿ ಕೂತಿದ್ದ ನನ್ನ ಭಾವ ಈಶ್ವರಪ್ಪ. ನನ್ನ ಅಕ್ಕನ ಗಂಡ. ಅವನು ನಗುವುದಕ್ಕೆ ಕಾರಣವಿತ್ತು, ಅದನ್ನು ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಮಾತು. ನಾನು ನಾಪಾಸಾದವನಲ್ಲ, ಶಾಲೆ ಬಿಟ್ಟವನು. ನಾಪಾಸು ಮಾಡುವುದು ಅವರ ಕೆಲಸ, ಬಿಡುವುದು ನಮ್ಮ ಕೆಲಸ. ಇಷ್ಟು ವ್ಯತ್ಯಾಸ ಗೊತ್ತಿಲ್ಲದವರು ಊರಿಗೆಲ್ಲ ವಿಮರ್ಶಕರು.

ನಮ್ಮೂರಿನಲ್ಲಿ ಹಾಲಿನ ಹತ್ತಿರ ಯಾರಾದರೂ ಹೆದರಿದರೆ ಹಾಲು ಒಡೆಯುತ್ತದೆ. ಅಷ್ಟೇ. ಅದರ ಜೊತೆ ಬದುಕುವುದನ್ನು ಜನ ಕಲಿತಿದ್ದಾರೆ. ಪರೀಕ್ಷೆಯ ಫಲಿತಾಂಶವನ್ನು ಮಕ್ಕಳು ಮನೆಯಲ್ಲಿ ಕಾಫಿ ಮುಗಿದ ಮೇಲೆ ಹೇಳುತ್ತಾರೆ. ಕನ್ಯೆ ನೋಡಲು ಬಂದ ವರನ ಮುಂದೆ ಹೆಣ್ಣಿನ ಕಡೆಯವರು ಬೇಕಂತಲೇ ಹಾಲಿನ ಲೋಟ ಇಟ್ಟು, ಮಾವನ ಆಸ್ತಿಯ ಮೇಲೆ ಎಷ್ಟು ವ್ಯಾಜ್ಯವಿದೆ ಎಂದು ಮೆಲ್ಲಗೆ ವಿವರಿಸುತ್ತಾರೆ. ನಮ್ಮ ಮಿಠಾಯಿ ಬಸಲಿಂಗ ಹಲ್ಲಿನ ಡಾಕ್ಟರ ಗೋಡೆಗೆ ಗೋಡೆ ಹಚ್ಚಿ ಅಂಗಡಿ ಇಟ್ಟಿದ್ದಾನೆ, ಹಾಲು ಒಡೆಸಲು ಇವತ್ತಿನವರೆಗೆ ಒಂದು ನಿಂಬೆಹಣ್ಣು ಕೊಂಡಿಲ್ಲ.

ಭಯಕ್ಕೆ ಇಷ್ಟು ಚೊಕ್ಕ ಸಾಕ್ಷಿ ಇರುವ ಊರಿನಲ್ಲಿ ವಿಮರ್ಶಕರು ಯಾಕೆ ಬೇಕು ಎಂದು ಕೇಳಬೇಡಿ. ಬೇಕು. ಯಾಕೆಂದರೆ ಹಾಲು ಒಡೆದರೆ ಸಾಲದು, ಯಾರ ಹಾಲು ಎನ್ನುವುದು ಮುಖ್ಯ. ಅದಕ್ಕೇ ಮಂಡಳಿ ಇರುವುದು. ಐದು ಜನ, ಐದೂ ಗಂಡಸರು. ಹೊಸ ನಾಟಕವೋ ಹೊಸ ಆಟವೋ ಹೆದರಿಸುತ್ತೇನೆಂದು ಬಂದರೆ ಐವರ ಮುಂದೆ ಐದು ಲೋಟ ಹಾಲು ಇಟ್ಟು ತೋರಿಸಬೇಕು. ಮೂರು ಒಡೆದರೆ ಪಾಸು. ಪಾಸಾದ ಭಯವನ್ನು ಊರು ಭಯವೆಂದು ಒಪ್ಪುತ್ತದೆ. ಒಪ್ಪದ ಭಯ ಹೊಟ್ಟೆಯ ವಾಯು. ಅಧ್ಯಕ್ಷರು ಹಂಚಿನಮನಿ ಸರ್, ಯಾಕೆಂದರೆ ಅವರ ಹಾಲು ಹುಟ್ಟಿದಾಗಿನಿಂದ ಒಡೆದಿಲ್ಲ. ಅವರು ಲೋಟಕ್ಕೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿಕೊಳ್ಳುವುದು, ಸೋಡಾ ಹಾಕಿದ ಹಾಲು ಅಷ್ಟು ಸುಲಭಕ್ಕೆ ಒಡೆಯದಿರುವುದು, ಊರಿನ ನಾಯಿಗಳಿಗೂ ಗೊತ್ತು. ಆದರೂ ಅವರನ್ನು ಧೀರ ವಿಮರ್ಶಕ ಎನ್ನುತ್ತಾರೆ. ಅವರ ಷಷ್ಟ್ಯಬ್ದಿಗೆ ಹಾಗಂತ ಬೋರ್ಡು ಕಟ್ಟಿದ್ದರು.

ನಾನೂ ನನ್ನ ಗೆಳೆಯ ಫಕ್ಕೀರೇಶನೂ ಮಾಡಿದ ಮೊದಲ ಕಂಪ್ಯೂಟರ್ ಆಟ 'ಬಾವಿಯಜ್ಜಿ'. ನಾನು ಕತೆ, ಅವನು ಚಿತ್ರ ಮತ್ತು ಕಂಪ್ಯೂಟರಿನ ಉಳಿದ ಸರ್ಕಸ್ಸು. ಕತೆ ಅಂದರೆ ಅಂಥದ್ದೇನಿಲ್ಲ, ಹಾಳು ಮನೆ, ಹಿತ್ತಲಲ್ಲಿ ಬಾವಿ, ನೀರು ಸೇದಲು ಹೋದವನ ಮೇಲೆ ಕೂದಲು ಬಿಚ್ಚಿದ ಮುದುಕಿ ಕಿರುಚುತ್ತಾ ಜಿಗಿಯುತ್ತಾಳೆ. ಜಿಗಿಯುತ್ತಲೇ ಇರುತ್ತಾಳೆ. ಮಂಡಳಿಯ ನಾಲ್ಕು ಲೋಟ ಮೊದಲ ಜಿಗಿತಕ್ಕೇ ಒಡೆದವು, ಒಬ್ಬರು ಮಾತ್ರೆ ತಗೊಂಡರು. "ಯುಗಪ್ರವರ್ತಕ" ಎಂದು ಹಂಚಿನಮನಿ ಸರ್ ಬರೆದರು. ಬಾವಿಯ ಭಯ ಪಾಸಾಯಿತು. ನಗರಸಭೆಯವರು ವರ್ಷದೊಳಗೆ ಮನೆಮನೆಗೆ ನಲ್ಲಿ ಹಾಕಿಸಿದರು. ಬಾವಿಗೆ ಹೋಗಲು ಹೆದರಿಕೆ ಎಂದು ಸೊಸೆಯಂದಿರು ತಲೆಮಾರುಗಟ್ಟಲೆ ಅತ್ತಿದ್ದರಲ್ಲ, ಆಗ ಯಾರೂ ಒಂದು ಇಂಚು ಪೈಪು ಹಾಕಿರಲಿಲ್ಲ. ಮಾಸ್ತರರೊಬ್ಬರ ಲೋಟ ಒಡೆದ ಕೂಡಲೇ ನೀರು ಬಂತು.

ಅದನ್ನು ನೋಡಿಯೇ ನನ್ನ ತಲೆಗೆ ಎರಡನೇ ಭಾಗ ಹೊಕ್ಕಿದ್ದು.

ನನ್ನ ಅಕ್ಕ ನೀಲವ್ವ ಗಂಡನ ಮನೆ ಬಿಟ್ಟು ಬಂದು ನಮ್ಮೊಡನೆ ಇದ್ದಳು. ಆ ಮನೆಯಲ್ಲಿ ದಿನಾ ಸಂಜೆ ಹಾಲು ಒಡೆಯುತ್ತಿತ್ತು. ಈಶ್ವರಪ್ಪ ಹಾಲಿನವನನ್ನು ಬದಲಿಸಿದ, ಆಮೇಲೆ ಎಮ್ಮೆಯನ್ನೇ ಬದಲಿಸಿದ. ಅಕ್ಕ ಹಿರಿಯರ ಮುಂದೆ ಹೋಗಿ ಹೆದರಿಕೆ ಎಂದಳು. ಅವರು ದೊಡ್ಡ ಮನಸ್ಸು ಮಾಡಿ ಅವಳ ಮುಂದೊಂದು ಲೋಟ ಹಾಲಿಟ್ಟು, ಪಕ್ಕದಲ್ಲಿ ಗಂಡನನ್ನು ಕೂರಿಸಿ, "ಹೂಂ, ಈಗ ಹೆದರವಾ" ಎಂದರು. ಈಶ್ವರಪ್ಪ ಹಲ್ಲು ಬಿಟ್ಟುಕೊಂಡು ಕೂತಿದ್ದ. ಎಡಕ್ಕೆ ನಾನು, ಬಲಕ್ಕೆ ಅವ್ವ, ಸುತ್ತ ಜನ. ಹಾಲು ಒಡೆಯಲಿಲ್ಲ. ಭಯ ಏನು ಕರೆದಾಗ ಬಾಲ ಅಲ್ಲಾಡಿಸುತ್ತಾ ಬರುವ ನಾಯಿಯೇ? "ನೋಡವಾ, ನಿನಗೇನೂ ಆಗಿಲ್ಲ" ಎಂದು ಹಿರಿಯರು ಎದ್ದರು.

ಏನಕ್ಕೆ ಹೆದರ್ತೀ ಎಂದು ಕೇಳಿದ್ದಕ್ಕೆ ಅಕ್ಕ ಅಲ್ಲಿ ಬಾಯಿ ಬಿಡಲಿಲ್ಲ. ಮನೆಗೆ ಬಂದ ಮೇಲೆ ನನ್ನ ಚಪ್ಪಲಿ ಎರಡೂ ಕೈಗೆ ಹಾಕಿಕೊಂಡು ಕಟ್ಟೆಯ ಕಲ್ಲಿನ ಮೇಲೆ ಬಡಿದು ತೋರಿಸಿದಳು. ನಗುತ್ತಲೇ ತೋರಿಸಿದಳು, ನಕಲಿ ಮಾಡುವವರ ಹಾಗೆ.

"ಇದು ಪಗಾರ ಆದ ದಿನ ನೋಡು. ಟಪ್ಪ ಟಪ್ಪ. ಇದು ಇಸ್ಪೀಟಿನಾಗ ಸೋತ ದಿನ, ಎಡಗಾಲು ಎಳಿತಾನ. ಅವತ್ತ ಸಾರಿಗೆ ಉಪ್ಪು ಎರಡ ಸಲ ನೋಡಬೇಕು. ಇದು ಕುಡದ ದಿನ, ಇದಕೇನೂ ಅಂಜಿಕಿಲ್ಲ, ಬಂದ್ ಬಿದ್ದು ಮಲಗತಾನ."

"ಮತ್ತ ಯಾವುದಕ್ಕ ಅಂಜತೀಯವಾ?"

"ಏನೂ ಆಗದ ದಿನ ಇರತೈತಲ್ಲ," ಎಂದು ಅವಳು ಬಡಿಯತೊಡಗಿದಳು. ನಿಧಾನ. ಎರಡೂ ಕಾಲು ಒಂದೇ ಸಮ. ಮೆಟ್ಟಿಲ ಹತ್ತಿರ ಬಂದು ನಿಲ್ಲುತ್ತದೆ. ಆ ನಿಲ್ಲುವಲ್ಲಿ ಅವಳ ಕತ್ತು ಒಂದು ಬದಿಗೆ ವಾಲಿತು, ನಗು ಮುಖದಲ್ಲೇ ಉಳಿದುಕೊಂಡಿತು. ಒಳಗೆ ಅವ್ವ, "ಯವ್ವಾ, ಹಾಲು ಒಡೀತಽ!" ಎಂದು ಕೂಗಿದಳು.

ಅದೇ ನಮ್ಮ ಎರಡನೇ ಭಾಗ. ಬಾವಿಯಜ್ಜಿ ಬಾವಿಗೆ ಬೀಳುವ ಮೊದಲು ಯಾರಾಗಿದ್ದಳು ಎಂಬ ಕತೆ. ಅವಳ ಹೆಸರು ಗಂಗಿ, ಹೊಸ ಮದುವಣಗಿತ್ತಿ. ಆಡುವವರು ಗಂಗಿಯಾಗಿ ಆಡಬೇಕು. ದಿನಾ ಸಂಜೆ ಹೊರಗೆ ಚಪ್ಪಲಿ ಸದ್ದು ಬರುತ್ತದೆ. ಅದನ್ನು ಕೇಳಿ ನಿರ್ಧರಿಸಬೇಕು, ದೀಪ ದೊಡ್ಡದು ಮಾಡಲೇ, ಸಣ್ಣದೇ? ನಗಲೇ, ಸುಮ್ಮನಿರಲೇ? ತಪ್ಪಿದರೆ ಪರದೆ ಕಪ್ಪಾಗುತ್ತದೆ, ಮರುದಿನ ಬೆಳಗಾಗುತ್ತದೆ. ಗಂಗಿಯ ಕೈಯಲ್ಲಿ ಬಳೆಗಳು ಕಡಿಮೆಯಾಗಿರುತ್ತವೆ. ಅಷ್ಟೇ, ಏನೂ ತೋರಿಸುವುದಿಲ್ಲ. ಗಂಡನ ಮುಖ ಕೂಡ ಕಾಣುವುದಿಲ್ಲ. ಕಡೆಯ ಅಂಕದಲ್ಲಿ ಅವಳು ತಾನಾಗಿ ಬಾವಿಯ ಕಡೆ ನಡೆಯುತ್ತಾಳೆ. ಚಪ್ಪಲಿ ಸದ್ದನ್ನೆಲ್ಲ ಅಕ್ಕನೇ ಬಡಿದು ಕೊಟ್ಟಳು, ಫಕ್ಕೀರೇಶ ರೆಕಾರ್ಡು ಮಾಡಿದ.

ಹಿರಿಯರಿಗೆ ಹೋಗಿ ಹೇಳಿದೆ. ಮಂಡಳಿ ಈ ಆಟವನ್ನು ಪಾಸು ಮಾಡಿದರೆ ಚಪ್ಪಲಿ ಸದ್ದೂ ಒಪ್ಪಿದ ಭಯವಾಗುತ್ತದೆ, ಆಗ ಅಕ್ಕನನ್ನು ಗಂಡನ ಮನೆಗೆ ಕಳಿಸು ಎನ್ನಲು ನಿಮಗೆ ಬರುವುದಿಲ್ಲ. ಅವರು ಮುಖ ಮುಖ ನೋಡಿಕೊಂಡು, ಕಾಯ್ದೆ ಹಾಗೇ ಇದೆ, ಆಗಲಿ ಎಂದರು. ಪಾಸಾಗದಿದ್ದರೆ ಅಮಾವಾಸ್ಯೆಯ ಮರುದಿನ ಈಶ್ವರಪ್ಪ ಗಾಡಿ ತರುತ್ತಾನೆ. ಅವನು ಮೂರನೇ ಸಾಲಿನಲ್ಲಿ ಕೂತು ನಕ್ಕದ್ದು ಅದಕ್ಕೆ.

ಆ ದಿನದ ಪ್ರದರ್ಶನವನ್ನು ನೀವು ನೋಡಬೇಕಿತ್ತು. ಮಂಡಳಿಯವರು ಜಾಯ್‌ಸ್ಟಿಕ್ ಹಿಡಿದು ಗಂಗಿಯನ್ನು ಬೀದಿಗೆ ಬಿಟ್ಟ ಕೋಳಿಯ ಹಾಗೆ ಓಡಿಸಿದರು. ಚಪ್ಪಲಿ ಸದ್ದು ಬಂದರೆ ಒಬ್ಬರು, "ಯಾರೋ ಬಂದ್ರು, ಚಾ ಇಡು" ಎಂದರು. ಇನ್ನೊಬ್ಬರು ಮನೆಯೆಲ್ಲ ಕತ್ತಿ ಹುಡುಕಿದರು. ಅಂಕದ ಮೇಲೆ ಅಂಕ ಸೋಲುತ್ತಾ ಹೋದರು, ಯಾಕೆ ಸೋಲುತ್ತಿದ್ದೇವೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. "ಅಜ್ಜಿ ಎಲ್ಲಿ ಅದಾಳೋ?" ಎಂದು ಕೂಗಿದರು. "ಕಡೀಕ ಬರತಾಳ್ರೀ" ಎಂದ ಫಕ್ಕೀರೇಶ. "ಕಡೀತನಾ ಯಾರು ಕುಂಡರತಾರ?" ಐದು ಲೋಟದ ಹಾಲೂ ಕೆನೆ ಕಟ್ಟಿತು.

ಹಿಂದೆ, ಹೆಂಗಸರ ಕಡೆ, ಬೇರೆಯೇ ನಡೆಯುತ್ತಿತ್ತು. ದೊಡ್ಡ ಪ್ರದರ್ಶನಕ್ಕೆ ಮನೆಗೊಂದು ಗಿಂಡಿ ಹಾಲು ತರುವುದು ನಮ್ಮಲ್ಲಿ ರೂಢಿ. ಒಡೆದದ್ದನ್ನು ಬಸಲಿಂಗನಿಗೆ ಕೊಟ್ಟರೆ ಅವನು ಪೇಡೆ ಕೊಡುತ್ತಾನೆ. ಮೊದಲ ಚಪ್ಪಲಿ ಸದ್ದಿಗೇ ಹೆಂಗಸರ ಸಾಲುಗಳಲ್ಲಿ ಕತ್ತುಗಳು ಒಂದು ಬದಿಗೆ ವಾಲಿದವು. ಯಾರೂ ಕಿರುಚಲಿಲ್ಲ. ಗಿಂಡಿಗಳು ಮಾತ್ರ ಒಂದರ ಹಿಂದೊಂದು ಒಡೆದವು. ನಾನು ಎದ್ದು ಅದನ್ನು ತೋರಿಸಿದೆ.

"ಆ ಕಡೆ ಫ್ಯಾನ್ ಇಲ್ಲಪಾ," ಎಂದರು ಹಂಚಿನಮನಿ ಸರ್. "ಸೆಕಿಗೆ ಒಡದಾವು. ಮಂಡಳಿ ಹಾಲು ನೋಡು, ಹೆಂಗ ಐತಿ!" ಆಮೇಲೆ ಲೋಟ ಎತ್ತಿ ಕುಡಿದರು. ಹೆಂಗಸರು ಗಿಂಡಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋದರು. ಬಸಲಿಂಗನ ಅಂಗಡಿಗೆ ಆ ದಿನ ಒಬ್ಬರೂ ಹೋಗಲಿಲ್ಲ.

ವಾರವಿಡೀ ವಿಮರ್ಶೆಗಳು ಬಂದವು. "ಮೊದಲ ಭಾಗದ ಜಿಗಿತಗಳ ವೈಭವ ಎಲ್ಲಿ ಹೋಯಿತು?" "ಕಥಾನಾಯಕಿಗೆ ಒಂದು ಕುಡುಗೋಲಾದರೂ ಕೊಡಬಾರದಿತ್ತೇ?" "ಗಂಡನ ಪಾತ್ರ ಸಮಯಕ್ಕೆ ಸರಿಯಾಗಿ ಮನೆಗೆ ಬರುವ ಸದ್ಗೃಹಸ್ಥನದ್ದಾಗಿದ್ದು, ಭೀತಿಯ ವಸ್ತುವೇ ಇಲ್ಲ." ಒಬ್ಬ ಮಹಾಶಯರು, "ಮನೆಮಂದಿಯೆಲ್ಲ ಕೂಡಿ ಆಡಬಹುದಾದ ಸದಭಿರುಚಿಯ ಆಟ" ಎಂದು ಹೊಗಳಿದರು. ಅದನ್ನು ಓದಿ ಫಕ್ಕೀರೇಶ ಬಚ್ಚಲಿಗೆ ಹೋಗಿ ನಕ್ಕು ಬಂದ. ನನಗೆ ನಗು ಬರಲಿಲ್ಲ. ಅಕ್ಕ ಒಳಗೆ ಸೀರೆ ಮಡಿಚಿ ಟ್ರಂಕಿಗೆ ಇಡುತ್ತಿದ್ದಳು. "ಇರಲಿ ಬಿಡೋ. ಛಂದ ಮಾಡಿದ್ದಿ," ಎಂದಳು. ಆ ಸಮಾಧಾನಕ್ಕೆ ನನ್ನ ಮೈ ಉರಿಯಿತು. ಆ ಐದೂ ಲೋಟಗಳನ್ನು ಮಂಡಳಿಯ ಐದೂ ತಲೆಗಳ ಮೇಲೆ ಕುಟ್ಟಬೇಕು ಅನಿಸಿತು.

ಕುಟ್ಟಲಿಲ್ಲ. ಎರಡನೇ ಕೂಟ ಕೇಳಿದೆ. ಸೋತವರು ಒಮ್ಮೆ ಮಾತ್ರ ಅದನ್ನು ಕೇಳಬಹುದು. ಎರಡನೇ ಕೂಟ ಅಧ್ಯಕ್ಷರ ಮನೆಯಲ್ಲೇ, ಅಧ್ಯಕ್ಷರ ಮನೆಯ ಹಾಲಿನಲ್ಲೇ ನಡೆಯಬೇಕು, ಎಲ್ಲರ ಲೋಟಕ್ಕೂ ಒಂದೇ ಪಾತ್ರೆಯಿಂದ ಸುರಿಯಬೇಕು. ಹಿಂದೊಮ್ಮೆ ಯಾರೋ ಮಂಡಳಿಯ ಹಾಲಿಗೆ ಹುಳಿ ಹಿಂಡಿಸಿದ್ದರೆಂದು ಹಂಚಿನಮನಿ ಸರ್ ಅವರೇ ಬರೆದ ಕಾಯ್ದೆ. ಆಟ ನಡೆಯುವಾಗ ಮೂರು ಲೋಟ ಒಡೆದರೆ ತೀರ್ಪು ತಿರುಗುತ್ತದೆ. ನನಗೆ ಆಸೆಯೇನೂ ಇರಲಿಲ್ಲ. ಅಮಾವಾಸ್ಯೆ ಹತ್ತಿರವಿತ್ತು, ಮಾಡಲು ಬೇರೇನೂ ಉಳಿದಿರಲಿಲ್ಲ.

ಹೋದಾಗ ಮಧ್ಯಾಹ್ನ. ಸರ್ ಪ್ರೆಸ್ಸಿಗೆ ಹೋಗಿದ್ದರು, ಇನ್ನೇನು ಬರುತ್ತಾರೆ ಎಂದರು. ಮಂಡಳಿಯ ಉಳಿದ ನಾಲ್ವರು ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಅವರಲ್ಲಿ ಹಿರಿಯರು ಸಿದ್ರಾಮಪ್ಪ ಮಾಸ್ತರು, ಕಿವಿ ಸ್ವಲ್ಪ ಮಂದ. ಸರ್ ಅವರ ಹೆಂಡತಿ ಕಸ್ತೂರಿಬಾಯಿ ಎಲ್ಲರಿಗೂ ಕಾಫಿ ತಂದರು. ನಮಗೂ ಕೊಟ್ಟರು. ಒಳ್ಳೆಯ ಗಟ್ಟಿ ಹಾಲಿನ ಕಾಫಿ.

"ಅವರು ಬರೂದ್ರೊಳಗ ಕುಡದಬಿಡ್ರಿ," ಎಂದರು.

"ಯಾಕ ವೈನಿ, ಅವರಿಗೆ ಪಾಲು ಕೊಡಬೇಕಾಗತೈತೇನು?" ಎಂದು ಒಬ್ಬರು ನಕ್ಕರು. ಆಕೆಯೂ ನಕ್ಕರು. ಒಳಗೆ ಹೋಗಿ ಅದೇ ಹಾಲಿನ ಪಾತ್ರೆ ತಂದು, ಮೇಜಿನ ಮೇಲಿದ್ದ ಐದು ಲೋಟಗಳಿಗೆ ನಮ್ಮೆಲ್ಲರ ಕಣ್ಣ ಮುಂದೆ ಸುರಿದರು. ಫಕ್ಕೀರೇಶ ಕಂಪ್ಯೂಟರಿನ ವೈರು ಕೈಯಲ್ಲಿ ಹಿಡಿದುಕೊಂಡು ಗೋಡೆ ತಡಕುತ್ತಿದ್ದ.

"ಅಕ್ಕೋರ, ಪ್ಲಗ್ ಎಲ್ಲಿ ಹಾಕಲ್ರಿ?"

ಹೊರಗೆ ಅಂಗಳದಲ್ಲಿ ಚಪ್ಪಲಿ ಸದ್ದು. ನಿಧಾನ. ಎರಡೂ ಕಾಲು ಒಂದೇ ಸಮ. ಮೆಟ್ಟಿಲ ಹತ್ತಿರ ಬಂದು ನಿಂತಿತು. ಕಸ್ತೂರಿಬಾಯಿಯವರ ಕತ್ತು ಒಂದು ಬದಿಗೆ ವಾಲಿತು. ನಗು ಇನ್ನೂ ಮುಖದ ಮೇಲೇ ಇತ್ತು.

ಐದೂ ಲೋಟ ಒಟ್ಟಿಗೇ ಒಡೆದವು. ನೀರು ಬೇರೆ, ಗಂಟು ಬೇರೆ. ಆಕೆಯ ಕೈಯಲ್ಲಿದ್ದ ಪಾತ್ರೆಯದ್ದೂ ಒಡೆಯಿತು, ನನ್ನ ಕಪ್ಪಿನ ತಳದಲ್ಲಿ ಉಳಿದ ಗುಟುಕು ಕಾಫಿಯೂ ಒಡೆಯಿತು.

ಹಂಚಿನಮನಿ ಸರ್ ಒಳಗೆ ಬಂದವರು, "ಏನಪಾ, ಇನ್ನೂ ಶುರು ಮಾಡಿಲ್ಲೇನು?" ಎಂದರು. ಆಮೇಲೆ ಮೇಜು ನೋಡಿದರು.

"ಹಾಲು ಹಳೀದ ಇತ್ತೇನೋರೀ," ಎಂದರು ಕಸ್ತೂರಿಬಾಯಿ, ಲೋಟಗಳನ್ನು ಬೇಗ ಬೇಗ ಒಟ್ಟುಗೂಡಿಸುತ್ತಾ. ಕೈಗೆ ಆ ಕೆಲಸ ರೂಢಿಯಾಗಿತ್ತು. "ಬ್ಯಾರೆ ತರಸತೀನಿ."

"ಇಲ್ಲ ವೈನಿ, ಈಗರೆ ಅದ ಹಾಲಿಂದ ಕಾಫಿ ಕುಡದ್ವಲ್ಲ," ಎಂದರು ಸಿದ್ರಾಮಪ್ಪ ಮಾಸ್ತರು. ಪಾಪ, ಅವರಿಗೆ ಚಪ್ಪಲಿ ಸದ್ದು ಕೇಳಿಸಿರಲಿಲ್ಲ. "ಐದಕ್ಕ ಐದೂ ಒಡದಾವು! ಕಾಯ್ದೆ ಪ್ರಕಾರ ಆಟ ನಡದಾಗ ಒಡದ್ರ ಪಾಸು. ಆಟ ನಡದಿದ್ದಿಲ್ಲ ಅಂದ್ರ…" ಎಂದು ಅವರು ಸುತ್ತ ನೋಡಿದರು. "ಆಟ ನಡದಿದ್ದಿಲ್ಲ ಅಂದ್ರ, ಯಾಕ ಒಡದುವು ಹಂಗಾರ?"

ಕೇಳಿಸಿದ ಮೂವರು ತಂತಮ್ಮ ಮೊಣಕಾಲು ನೋಡತೊಡಗಿದರು. ಹಂಚಿನಮನಿ ಸರ್ ಹೆಂಡತಿಯನ್ನು ನೋಡಿದರು, ಲೋಟಗಳನ್ನು ನೋಡಿದರು, ಕಡೆಗೆ ಫಕ್ಕೀರೇಶನ ಕೈಯಲ್ಲಿ ತೂಗಾಡುತ್ತಿದ್ದ ವೈರನ್ನು ನೋಡಿದರು.

"ಆಟ ಶುರು ಆಗಿತ್ತಲ್ಲ," ಎಂದರು.

"ಇಲ್ರೀ ಸರ್, ಪ್ಲಗ್ಗಽ ಇನ್ನೂ…" ಎಂದ ಫಕ್ಕೀರೇಶನ ಕಾಲು ತುಳಿದೆ.

"ಆಗಿತ್ತು," ಎಂದರು ಮಂಡಳಿಯ ಒಬ್ಬರು.

"ಹೌದು, ಆಗಿತ್ತು. ನಾ ನೋಡಾಕ್ಹತ್ತಿದ್ದೆ," ಎಂದರು ಇನ್ನೊಬ್ಬರು.

"ಭಾಳ ಅಂಜಿಕಿ ಬಂತು," ಎಂದರು ಮೂರನೆಯವರು, ಮತ್ತು ನಿಜಕ್ಕೂ ಅವರ ದನಿ ನಡುಗುತ್ತಿತ್ತು.

ಹೀಗೆ ಬಾವಿಯಜ್ಜಿಯ ಎರಡನೇ ಭಾಗ ಐದಕ್ಕೆ ಐದು ಲೋಟದಿಂದ ಪಾಸಾಯಿತು. ಅಲ್ಲೇ ಕೂತು ಬರೆದರು. "ಪರದೆಯನ್ನು ಮೊದಲಿನಿಂದ ಕಡೆಯವರೆಗೆ ಸಂಪೂರ್ಣ ಕಪ್ಪಾಗಿಟ್ಟಿರುವ ಧೈರ್ಯ ಮೆಚ್ಚತಕ್ಕದ್ದು" ಎಂದು ಒಬ್ಬರು. "ಶಬ್ದವಿನ್ಯಾಸ ಎಷ್ಟು ಸಹಜವೆಂದರೆ ಮನೆಯ ಹೊರಗಿನಿಂದಲೇ ಬಂದಂತೆ ಭಾಸವಾಯಿತು" ಎಂದು ಇನ್ನೊಬ್ಬರು. ಹಂಚಿನಮನಿ ಸರ್ ಈ ಸಲವೂ "ಯುಗಪ್ರವರ್ತಕ" ಎಂದೇ ಬರೆದರು, ಬೇರೆ ಪದ ಅವರಲ್ಲಿರಲಿಲ್ಲ. ಕೆಳಗೆ ಮಾಸ್ತರು ದುಂಡಗಿನ ಅಕ್ಷರದಲ್ಲಿ ತೀರ್ಪು ಸೇರಿಸಿದರು. ಮನೆಗೆ ಬರುವವನ ಚಪ್ಪಲಿ ಸದ್ದಿನ ಭಯವನ್ನು ಈ ದಿನದಿಂದ ಭಯವೆಂದು ಒಪ್ಪಲಾಗಿದೆ. ನಾಲ್ಕೂ ಜನ ಸಹಿ ಮಾಡಿ, ಟೊಪ್ಪಿಗೆ ಹುಡುಕಿಕೊಂಡು, ಊಟದ ಹೊತ್ತಾಯಿತೆಂದು ಎದ್ದರು. ಆಟವನ್ನು ಹಚ್ಚಿ ತೋರಿಸು ಎಂದು ಒಬ್ಬರೂ ಕೇಳಲಿಲ್ಲ.

ಈಶ್ವರಪ್ಪನ ಗಾಡಿ ಬರುವುದಿಲ್ಲ. ಅಕ್ಕ ಟ್ರಂಕು ಬಿಚ್ಚಬಹುದು. ನನಗೆ ಬೇಕಿದ್ದು ಅದೇ, ಅದು ಸಿಕ್ಕಿತು. ಕುಣಿಯಬೇಕಿತ್ತು ನಾನು. ಮಾಸ್ತರರ ಸಹಿಯ ಹಾಳೆಯನ್ನು ಅಂಗಿಯ ಒಳಗೆ ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದರೆ, ಹಂಚಿನಮನಿ ಸರ್ ಗೇಟಿನ ತನಕ ಹಿಂದೆ ಬಂದರು. ಹೆಗಲ ಮೇಲೆ ಕೈ ಹಾಕಿದರು.

"ಹುಡುಗ ಶಾಣ್ಯಾ ಅದಾನ್ರಿ, ಏಳನೇತ್ತಾ ಬಿಟ್ಟಿದ್ರೂ!" ಎಂದು ಆಚೆ ಮನೆಯವರಿಗೆ ಕೇಳುವಂತೆ ಕೂಗಿದರು. ಆಮೇಲೆ ದನಿ ಇಳಿಸಿದರು. "ಈಗರೆ ಸಮಾಧಾನ ಆತಿಲ್ಲೋ ನಿನಗ? ನಿಮ್ಮ ಅಕ್ಕನ್ನ ಯಾರೂ ಕರ್ಯಾಕ ಬರೂದಿಲ್ಲ. ನಾ ಇದೀನಿ. ಇವತ್ತಿಂದು ಇಲ್ಲೇ ಮುಗೀತು, ಹೌದಿಲ್ಲೋ? ಏನರೆ ಅನ್ನಲಾ."

ಅನ್ನಲು ನನ್ನಲ್ಲಿ ಬೇಕಾದಷ್ಟಿತ್ತು. ಸಭಾಭವನದಲ್ಲಿ ಅವರು ಮೀಸೆ ಒರೆಸಿಕೊಂಡ ಗಳಿಗೆಯಿಂದ ಒಂದೊಂದೇ ಮಾತನ್ನು ಮಸೆದು ಇಟ್ಟಿದ್ದೆ. ಅವರ ಸೋಡಾದ ಮೇಲೆ, ಅವರ ಯುಗದ ಮೇಲೆ, ಅವರ ಬೋರ್ಡಿನ ಮೇಲೆ. ಬಾಯಿ ತೆರೆದೆ. ಅಷ್ಟರಲ್ಲಿ ಕಿಟಕಿ ಕಂಡಿತು. ಸರಳಿನ ಹಿಂದೆ ಕಸ್ತೂರಿಬಾಯಿ ನಿಂತಿದ್ದರು, ತೊಳೆಯಲು ಒಯ್ದ ಲೋಟಗಳು ಇನ್ನೂ ಕೈಯಲ್ಲೇ ಇದ್ದವು. ಅವರು ನೋಡುತ್ತಿದ್ದುದು ಗಂಡನನ್ನಲ್ಲ, ನನ್ನ ಬಾಯಿಯನ್ನು. ನಾನು ಆಡುವ ಒಂದೊಂದು ಮಾತನ್ನೂ ಈ ಮನುಷ್ಯ ಹೊತ್ತುಕೊಂಡು ಆ ಬಾಗಿಲಿನಿಂದ ಒಳಗೆ ಹೋಗುತ್ತಾನೆ. ಗೇಟಿನ ಹೊರಗೆ ನಾನಿದ್ದೇನೆ, ನನಗೇನು. ಒಳಗೆ ಬೇರೆ ಯಾರಿದ್ದಾರೆ?

"ಏಯ್, ನಿನಗಽ ಕೇಳಾಕ್ಹತ್ತೀನಿ," ಎಂದರು ಸರ್.

ನಾನು ಫಕ್ಕೀರೇಶನ ಕೈಯಿಂದ ಕಂಪ್ಯೂಟರಿನ ಚೀಲ ಇಸಿದುಕೊಂಡೆ. ಗೇಟನ್ನು ಸದ್ದಾಗದಂತೆ ಮುಚ್ಚಿ, ಹಿಂತಿರುಗಿ ನೋಡದೆ ನಡೆದೆ.